ಹಾಡಿನ ಋಣ

ಆಕಾಶವಾಣಿಯಲ್ಲಿ ಭಾವಗೀತೆಯೊಂದು ಪ್ರಸಾರವಾಗುವ ಮೊದಲು ಉದ್ಘೋಷಕರು ಮೂರು ಹೆಸರುಗಳನ್ನು ಹೇಳುವುದು ವಾಡಿಕೆ: ರಚನೆ ಇಂಥ ಕವಿಗಳದು, ರಾಗ ಸಂಯೋಜನೆ ಇಂಥವರದು, ಹಾಡಿದವರು ಇಂಥವರು. ಅದೇ ಜಾನಪದ ಗೀತೆಯಾದರೆ ಮೊದಲನೆಯ ಹೆಸರು ಇರುವುದಿಲ್ಲ. "ಈಗ ಜಾನಪದ ಗೀತೆ, ಹಾಡಿದವರು ಇಂಥವರು ಮತ್ತು ಸಂಗಡಿಗರು" ಎಂದಷ್ಟೇ ಕೇಳಿ ನಮ್ಮ ಕಿವಿಗಳಿಗೆ ಅಭ್ಯಾಸವಾಗಿಬಿಟ್ಟಿದೆ. ಹೆಸರು ಇರಬೇಕಾದ ಕಡೆ ಉಳಿದಿರುವ ಆ ಖಾಲಿ ಜಾಗವನ್ನು ಗಮನಿಸುವವರು ಕಡಿಮೆ. ಗಮನಿಸಿದವರೂ "ಜಾನಪದವೆಂದರೆ ಹಾಗೆಯೇ, ಕರ್ತೃ ಗೊತ್ತಿಲ್ಲದ್ದು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಆದರೆ ಕರ್ತೃ ಗೊತ್ತಿಲ್ಲ ಎಂಬ ಮಾತಿಗೂ ಕರ್ತೃವೇ ಇಲ್ಲ ಎಂಬ ಮಾತಿಗೂ ವ್ಯತ್ಯಾಸವುಂಟು. ಯಾವುದೋ ಊರಿನಲ್ಲಿ, ಯಾವುದೋ ಬೆಳಗಿನ ಜಾವ, ಯಾರೋ ಒಬ್ಬ ತಾಯಿ ರಾಗಿಯನ್ನೋ ಜೋಳವನ್ನೋ ಬೀಸುತ್ತ ಆ ಸಾಲನ್ನು ಮೊದಲ ಸಲ ಕಟ್ಟಿರಲೇಬೇಕು. ಅವಳ ಹಾಡನ್ನು ಪಡೆದು ಅದರಿಂದ ಹೆಸರು, ಸನ್ಮಾನ, ಸಂಭಾವನೆ ಗಳಿಸಿದ ಗಾಯಕನು ಅವಳಿಗೆ ಏನನ್ನಾದರೂ ಸಲ್ಲಿಸಬೇಕೇ? ಸಲ್ಲಿಸಬೇಕೆಂದರೆ, ವಿಳಾಸವೇ ಇಲ್ಲದವಳಿಗೆ ಸಲ್ಲಿಸುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾವು ಸಂಗೀತಶಾಸ್ತ್ರ ಬಲ್ಲವರಲ್ಲ. ಬಿ.ಎಸ್‌ಸಿ. ಓದಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತ, ಕೂಕಟ್‌ಪಲ್ಲಿಯಲ್ಲಿ ಸಂಸಾರ ಹೂಡಿರುವ ಸಾಮಾನ್ಯ ಕೇಳುಗರು. ಆದರೆ ಈ ಪ್ರಶ್ನೆ ಸಂಗೀತಶಾಸ್ತ್ರದ್ದಲ್ಲ, ನ್ಯಾಯದ್ದು. ಅದನ್ನು ಕೇಳಲು ಕೇಳುಗನಿಗೂ ಅಧಿಕಾರವಿದೆ ಎಂದು ನಂಬಿದ್ದೇವೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಪಾಂಡೇಶ್ವರ ಕಾಳಿಂಗರಾಯರನ್ನೇ ತೆಗೆದುಕೊಳ್ಳೋಣ. 1914ರಲ್ಲಿ ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿ, ಮುಂದೆ ಮದರಾಸು, ಬೆಂಗಳೂರುಗಳಲ್ಲಿ ಹೆಸರಾಗಿ, 1981ರಲ್ಲಿ ತೀರಿಕೊಂಡ ಈ ಗಾಯಕರು ಕನ್ನಡ ಸುಗಮ ಸಂಗೀತಕ್ಕೆ ದಾರಿ ಹಾಕಿದವರಲ್ಲಿ ಮೊದಲಿಗರು. 1947ರ 'ಕೃಷ್ಣಲೀಲಾ', 1959ರ 'ಅಬ್ಬಾ ಆ ಹುಡುಗಿ' ಚಿತ್ರಗಳಿಗೆ ಸಂಗೀತ ಕೊಟ್ಟವರು ಅವರೇ. ಆದರೆ ಜನ ಅವರನ್ನು ನೆನೆಯುವುದು ಚಿತ್ರಗಳಿಗಾಗಿ ಅಲ್ಲ. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಡನೆ ಊರೂರು ತಿರುಗಿ ಅವರು ಹಾಡಿದ ಕವಿತೆಗಳಿಗಾಗಿ ಮತ್ತು ಹಳ್ಳಿಯ ಹಾಡುಗಳಿಗಾಗಿ. ಕುಣಿಗಲ್ ಕೆರೆಯ ಹಾಡನ್ನು ಕನ್ನಡ ನಾಡಿನ ಮೂಲೆಮೂಲೆಗೆ ಮುಟ್ಟಿಸಿದ ಕಂಠ ಅವರದು. ತುಮಕೂರು ಜಿಲ್ಲೆಯ ಆ ಕೆರೆಯನ್ನು ಕಣ್ಣಿಂದ ನೋಡದ ಲಕ್ಷಾಂತರ ಜನರಿಗೆ ಅದರ ಏರಿ, ಅದರ ನೀರು ಕಿವಿಯಿಂದ ಪರಿಚಯವಾಯಿತು. ಇದನ್ನು ಸಣ್ಣ ಉಪಕಾರ ಎನ್ನಲಾದೀತೇ?

ಈ ಕೆಲಸಕ್ಕೆ ಅಂದು ಒದಗಿಬಂದ ವಾಹನಗಳು ಎರಡು: ಗ್ರಾಮಫೋನ್ ತಟ್ಟೆ ಮತ್ತು ಬಾನುಲಿ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರವನ್ನು ತೆರೆದರು. ದೇಶವೆಲ್ಲ ಇಂದು ಬಳಸುವ 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟದ್ದು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಹೈದರಾಬಾದಿನಲ್ಲಿ 200 ವಾಟ್ ಶಕ್ತಿಯ ಡೆಕ್ಕನ್ ರೇಡಿಯೋ ಶುರುವಾಗಿತ್ತು. ನಿಜಾಮರ ಕಾಲದ ಆ ನಿಲಯದಲ್ಲಿ ಉರ್ದುವಿಗೇ ಅಗ್ರಪೀಠವಾದರೂ ತೆಲುಗು, ಮರಾಠಿ, ಕನ್ನಡಗಳಿಗೂ ಒಂದಿಷ್ಟು ಜಾಗವಿತ್ತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ನಿಲಯ, 1955ರಲ್ಲಿ ಬೆಂಗಳೂರು ನಿಲಯ, 1966ರಲ್ಲಿ ಗುಲಬರ್ಗಾ ನಿಲಯ ಬಂದವು. ಅಂಗಳದಲ್ಲಿ, ಗದ್ದೆಯಲ್ಲಿ, ಬೀಸುವ ಕಲ್ಲಿನ ಮುಂದೆ ಇದ್ದ ಹಾಡು ಹೀಗೆ ಹೊಸ್ತಿಲು ದಾಟಿ ಆಕಾಶಕ್ಕೆ ಏರಿತು.

ತೆಲುಗಿನವರಿಗೂ ಇಂಥದೇ ಭಾಗ್ಯ ಒದಗಿತ್ತು. ವಿಂಜಮೂರಿ ಅನಸೂಯಾದೇವಿ ಮತ್ತು ಸೀತಾದೇವಿ ಎಂಬ ಸೋದರಿಯರು ಆಂಧ್ರದ ಪಲ್ಲೆಪದಗಳನ್ನು ಹುಡುಕಿ ಕಲಿತು ಸಭೆಗಳಲ್ಲಿ, ರೇಡಿಯೋದಲ್ಲಿ ಹಾಡಿದರು. ಸೀತಾದೇವಿಯವರು ಆಕಾಶವಾಣಿಯಲ್ಲಿ ಜಾನಪದ ಸಂಗೀತದ ನಿರ್ಮಾಪಕಿಯಾಗಿಯೂ ದುಡಿದವರು. ಗಾಯಕಿಯೂ ತಾನೇ, ಪ್ರಸಾರ ಮಾಡುವವಳೂ ತಾನೇ ಆದಾಗ ಹೊಣೆ ಇಮ್ಮಡಿಯಾಗುತ್ತದೆ. ಹೇಗೆಂದರೆ, ಹಾಡುವವನ ಕೈಯಲ್ಲಿರುವುದು ರಾಗ ಮಾತ್ರ. ಪ್ರಸಾರ ಮಾಡುವವನ ಕೈಯಲ್ಲಿರುವುದು ಹೆಸರು ಹೇಳುವ ಅಧಿಕಾರ. ಯಾರ ಹೆಸರನ್ನು ಲಕ್ಷ ಜನರಿಗೆ ಕೇಳಿಸಬೇಕು, ಯಾರದನ್ನು ಬಿಡಬೇಕು ಎಂಬುದನ್ನು ಆ ಅರ್ಧ ನಿಮಿಷದ ಮಾತು ನಿರ್ಧರಿಸುತ್ತದೆ.

ಈಗ ಪ್ರಶ್ನೆಗೆ ಬರೋಣ. ಹಾಡು ಯಾರ ಸ್ವತ್ತು? ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ.

ಮೊದಲನೆಯ ಉತ್ತರ: ಅದು ಯಾರದೂ ಅಲ್ಲ. ಬಾವಿಯ ನೀರಿನ ಹಾಗೆ, ಸೇದಿದವನಿಗೆ ಸೇರಿದ್ದು. ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆ ಕರ್ತೃವಿಗೆ ಹಕ್ಕು ಕೊಡುತ್ತದೆ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಹಕ್ಕುದಾರನನ್ನು ಅದು ಕಾಣದು. 1994ರ ತಿದ್ದುಪಡಿಯಿಂದ ಹಾಡುಗಾರನಿಗೂ ಪ್ರದರ್ಶಕನೆಂಬ ನೆಲೆಯಲ್ಲಿ ಹಕ್ಕು ಬಂತು. ಪರಿಣಾಮವೇನೆಂದರೆ, ಹಳ್ಳಿಯ ಹಾಡೊಂದನ್ನು ಊರಿನ ಹೆಂಗಸರಿಂದ ಕಲಿತು ಮುದ್ರಿಸಿಕೊಂಡವನಿಗೆ ತನ್ನ ಗಾಯನದ ಮೇಲೆ ಹಕ್ಕುಂಟು, ಮುದ್ರಿಸಿದ ಕಂಪನಿಗೆ ಮುದ್ರಿಕೆಯ ಮೇಲೆ ಹಕ್ಕುಂಟು, ಕಲಿಸಿದವರಿಗೆ ಮಾತ್ರ ಏನೂ ಇಲ್ಲ. ಕಾನೂನನ್ನು ದೂರಿ ಫಲವಿಲ್ಲ. ಅದಕ್ಕೆ ಹೆಸರು, ದಿನಾಂಕ, ರುಜು ಬೇಕು. ಆದರೆ ಕಾನೂನು ಮುಟ್ಟದ ಕಡೆಯೇ ಧರ್ಮದ ಪ್ರಶ್ನೆ ಏಳುತ್ತದೆ. ಬಾವಿಯ ನೀರು ಯಾರದೂ ಅಲ್ಲ ಎಂದರೂ ಬಾವಿ ತೋಡಿದವರಿದ್ದರಷ್ಟೆ.

ಎರಡನೆಯ ಉತ್ತರ: ಹಾಡು ಹಾಡಿದವನದು. ಕಾಳಿಂಗರಾಯರು ಹಾಡದೇ ಇದ್ದಿದ್ದರೆ ಆ ಹಾಡು ಕೆರೆಯ ದಂಡೆಯಲ್ಲೇ ಮುದುಕಿಯರೊಡನೆ ಮಣ್ಣಾಗುತ್ತಿತ್ತು, ಆದ್ದರಿಂದ ಅದಕ್ಕೆ ಜೀವದಾನ ಮಾಡಿದವರೇ ಅದರ ಒಡೆಯರು ಎಂಬ ವಾದ. ಇದರಲ್ಲಿ ಸತ್ಯಾಂಶವಿದೆ. ಸಾವಿರ ಹಾಡುಗಳಲ್ಲಿ ಈ ಒಂದನ್ನು ಆರಿಸಿದ ಕಿವಿ, ಅದಕ್ಕೆ ಒಪ್ಪುವ ಏರಿಳಿತ ಕೊಟ್ಟ ಕಂಠ, ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬ ಬುದ್ಧಿ, ಇವೆಲ್ಲ ಸೃಷ್ಟಿಯೇ ಹೌದು. ಆದರೆ ಮಗುವನ್ನು ಸಾಕಿದವಳು ಹೆತ್ತವಳ ಹೆಸರನ್ನು ಅಳಿಸಬೇಕಾಗಿಲ್ಲ. ಯಶೋದೆಯ ಪಾಲು ದೊಡ್ಡದೆಂದು ಒಪ್ಪಿದ ನಾಡು ದೇವಕಿಯನ್ನು ಮರೆತಿಲ್ಲ.

ಈ ಎರಡು ಉತ್ತರಗಳೂ ಸಾಲವು ಎಂಬುದು ನಮ್ಮ ಅಭಿಪ್ರಾಯ. ಯಾಕೆಂದರೆ ಎರಡೂ ಹಾಡನ್ನು ಆಸ್ತಿಯೆಂದು ತಿಳಿದು ಒಡೆಯನನ್ನು ಹುಡುಕುತ್ತವೆ. ಹುಡುಕಬೇಕಾದದ್ದು ಒಡೆಯನನ್ನಲ್ಲ, ಋಣವನ್ನು.

ನಮ್ಮ ಹಿರಿಯರು ಹೆಸರಿನ ವಿಷಯದಲ್ಲಿ ಉದಾಸೀನರಾಗಿದ್ದರು, ಆದ್ದರಿಂದ ಹೆಸರಿನ ಗೊಡವೆ ಈ ಕಾಲದ ರೋಗ ಎಂದು ಕೆಲವರು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ವಚನಕಾರರಿಗೆ ಅಂಕಿತವಿತ್ತು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ, ಪುರಂದರ ವಿಠಲ ಎಂದೊಡನೆ ಪುರಂದರದಾಸರು. ತಮ್ಮ ಹೆಸರನ್ನು ಹೇಳದೆ ದೇವರ ಹೆಸರನ್ನು ಹೇಳಿದರು. ಆದರೂ ಗುರುತು ಉಳಿಯಿತು. ಅಹಂಕಾರವೂ ಇಲ್ಲ, ಅಳಿಸಿಹೋಗುವ ಭಯವೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನವನ್ನು ಹಾಡಿದಾಗ ಎಷ್ಟೇ ದೊಡ್ಡ ಗಾಯಕರಾದರೂ ಕೊನೆಯಲ್ಲಿ ಅಂಕಿತವನ್ನು ಉಚ್ಚರಿಸಲೇಬೇಕಾಗಿತ್ತು. ಕರ್ತೃವಿನ ಹೆಸರು ಹಾಡಿನ ಹೊಟ್ಟೆಯಲ್ಲೇ ಭದ್ರವಾಗಿತ್ತು. ಬೀಸುವ ಕಲ್ಲಿನ ಮುಂದೆ ಕೂತ ಗರತಿಗೆ ಈ ಅನುಕೂಲವಿರಲಿಲ್ಲ. ಅವಳು ತ್ರಿಪದಿಯಲ್ಲಿ ತವರನ್ನು ಹೆಸರಿಸಿದಳು, ಅಣ್ಣನನ್ನು ಹೆಸರಿಸಿದಳು, ಕಂದನನ್ನು, ಊರ ದೇವರನ್ನು ಹೆಸರಿಸಿದಳು; ತನ್ನನ್ನು ಬಿಟ್ಟುಬಿಟ್ಟಳು. ಅವಳು ಬಿಟ್ಟಳೆಂದು ನಾವೂ ಬಿಡಬಹುದೇ?

ಬಿಡದವರೂ ಇದ್ದರು ಎಂಬುದನ್ನು ನೆನೆಯಬೇಕು. ಇಂಡಿ ತಾಲ್ಲೂಕಿನ ಹಲಸಂಗಿ ಎಂಬ ಊರಿನ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಮೊದಲಾದವರು, ಹೆಂಗಸರ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ಪುಸ್ತಕ ತಂದರು. ಅದಕ್ಕೆ ಅವರು ಕೊಟ್ಟ ಹೆಸರು 'ಗರತಿಯ ಹಾಡು'. ಆ ಷಷ್ಠೀ ವಿಭಕ್ತಿಯೊಂದರಲ್ಲಿ ಎಷ್ಟು ನ್ಯಾಯವಿದೆ ನೋಡಿ. ನಾವು ಸಂಗ್ರಹಿಸಿದ ಹಾಡು ಎನ್ನಲಿಲ್ಲ, ಗರತಿಯ ಹಾಡು ಎಂದರು. ಒಬ್ಬೊಬ್ಬಳ ಹೆಸರನ್ನೂ ಹೇಳಲಾಗದಿದ್ದರೂ ಒಡತನ ಎಲ್ಲಿಯದು ಎಂಬುದನ್ನು ರಕ್ಷಾಪುಟದ ಮೇಲೇ ಸಾರಿದರು.

ನಮ್ಮ ಕಚೇರಿಗಳಲ್ಲಿ ಒಂದು ಪದ್ಧತಿಯಿದೆ. ಕಡತದಲ್ಲಿ ಮೊದಲು ಟಿಪ್ಪಣಿ ಬರೆಯುವವನು ಗುಮಾಸ್ತ. ಅದು ಮೇಲಕ್ಕೆ ಹೋಗುತ್ತ ಸೆಕ್ಷನ್ ಆಫೀಸರು ತಿದ್ದುತ್ತಾರೆ, ಅಂಡರ್ ಸೆಕ್ರೆಟರಿ ಇನ್ನೊಂದು ಸಾಲು ಸೇರಿಸುತ್ತಾರೆ, ಕೊನೆಗೆ ಆದೇಶ ಹೊರಡುವುದು ಅಧಿಕಾರಿಯ ರುಜುವಿನಿಂದ. ಹೊರಗಿನವರಿಗೆ ಕಾಣುವುದು ಆ ಒಂದು ರುಜು. ಇದರಲ್ಲಿ ಅನ್ಯಾಯವೇನೂ ಇಲ್ಲ. ಯಾಕೆಂದರೆ ಟಿಪ್ಪಣಿ ಹಾಳೆಯಲ್ಲಿ ಪ್ರತಿಯೊಬ್ಬನ ಚಿಕ್ಕ ರುಜು ದಿನಾಂಕ ಸಹಿತ ಉಳಿದಿರುತ್ತದೆ. ಇಪ್ಪತ್ತು ವರ್ಷದ ಮೇಲೆ ಯಾರಾದರೂ ಕಡತ ಬಿಚ್ಚಿದರೂ ಈ ವಿಚಾರವನ್ನು ಮೊದಲು ಎತ್ತಿದವನು ಯಾರೆಂದು ತಿಳಿಯುತ್ತದೆ. ಹಾಡಿಗೆ ಟಿಪ್ಪಣಿ ಹಾಳೆಯಿಲ್ಲ. ಹೊರಟ ಆದೇಶ ಮಾತ್ರ ಇದೆ, ಅದರ ಮೇಲೆ ಗಾಯಕನ ರುಜು ಮಾತ್ರ ಇದೆ.

ಓದಿದ ಭೌತಶಾಸ್ತ್ರದಿಂದಲೂ ಒಂದು ಮಾತು ಹೇಳಬೇಕೆನಿಸುತ್ತದೆ. ಧಾರವಾಡ ನಿಲಯದ ಮಧ್ಯಮ ತರಂಗಾಂತರ 765 ಕಿಲೋಹರ್ಟ್ಸ್. ಅಂದರೆ ಅಲ್ಲಿಂದ ಹೊರಡುವ ವಾಹಕ ತರಂಗ ಸೆಕೆಂಡಿಗೆ ಏಳು ಲಕ್ಷ ಅರವತ್ತೈದು ಸಾವಿರ ಬಾರಿ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಕೇಳುವ ಮಿತಿ ಸುಮಾರು ಇಪ್ಪತ್ತು ಸಾವಿರ. ಆದ್ದರಿಂದ ಆ ಕಂಪನ ನಮಗೆ ಕೇಳಿಸುವುದೇ ಇಲ್ಲ. ಹಾಡುವ ಧ್ವನಿ ಆ ತರಂಗದ ಮೇಲೆ ಸವಾರಿ ಮಾಡಿ ಬರುತ್ತದೆ. ಮನೆಯ ರೇಡಿಯೋ ಮಾಡುವ ಕೆಲಸವೆಂದರೆ ವಾಹಕವನ್ನು ಬಿಟ್ಟು ಧ್ವನಿಯನ್ನು ಉಳಿಸಿಕೊಳ್ಳುವುದು. ವಾಹಕವಿಲ್ಲದೆ ಹಾಡು ಊರಾಚೆ ಹೋಗದು ನಿಜ. ಆದರೆ ವಾಹಕವೇ ಹಾಡಲ್ಲ. ಪ್ರಖ್ಯಾತಿಯ ಲೋಕದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ನಾವು ಹೊತ್ತು ತಂದವನನ್ನು ಇಟ್ಟುಕೊಂಡು, ಕಳುಹಿಸಿದವಳನ್ನು ಬಿಟ್ಟುಬಿಡುತ್ತೇವೆ.

ಹೆಸರು ಹೋದರೆ ಹೋಗಲಿ, ಹಾಡು ಉಳಿಯಿತಲ್ಲ ಎಂದು ಕೇಳುವವರಿದ್ದಾರೆ. ಹೆಸರಿನ ನಷ್ಟಕ್ಕಿಂತ ದೊಡ್ಡದಾದ ಇನ್ನೊಂದು ನಷ್ಟವಿದೆ. ಬೀಸುವ ಪದಕ್ಕೆ ಇಷ್ಟೇ ಉದ್ದ ಎಂದಿರಲಿಲ್ಲ. ಮೊರದಲ್ಲಿ ಕಾಳು ಇರುವವರೆಗೆ ಹಾಡು ಇತ್ತು. 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ರೇಡಿಯೋದಲ್ಲೂ ಗಡಿಯಾರದ್ದೇ ದರಬಾರು. ನೂರು ನುಡಿಯ ಹಾಡು ಐದಾರು ನುಡಿಯದಾಯಿತು. ಒಂದೊಂದು ಊರಿಗೆ ಒಂದೊಂದು ರೀತಿಯಿದ್ದ ಮಟ್ಟು ಒಂದೇ ಮಟ್ಟಿಗೆ ನಿಂತಿತು. ಇಷ್ಟಾಗಿದ್ದರೂ ಚಿಂತೆಯಿರಲಿಲ್ಲ. ಆದರೆ ಪ್ರಸಾರವಾದ ಆ ಒಂದು ರೂಪವೇ 'ಸರಿಯಾದ' ರೂಪವೆಂಬ ಭಾವನೆ ಬೆಳೆಯಿತು. ಆಗ ಉಳಿದವೆಲ್ಲ ತಪ್ಪಾದವು.

ಕೂಕಟ್‌ಪಲ್ಲಿಯಲ್ಲಿ ನಮ್ಮ ಹೆಂಗಸರ ಒಂದು ಕೂಟದಲ್ಲಿ ಇದನ್ನು ಕಣ್ಣಾರೆ ಕಂಡೆವು. ಬೀದರ ಕಡೆಯ ವೃದ್ಧೆಯೊಬ್ಬರು, ಮಗನ ಮನೆಗೆ ಬಂದವರು, ಬಲವಂತಕ್ಕೆ ಒಂದು ಪದ ಹಾಡತೊಡಗಿದರು. ಎರಡು ನುಡಿ ಆಗಿತ್ತಷ್ಟೆ. ಮೊಮ್ಮಗಳು ಪ್ರೀತಿಯಿಂದಲೇ, "ಅಜ್ಜಿ, ಅದು ಹಾಗಲ್ಲ, ಮೊಬೈಲಿನಲ್ಲಿ ಬೇರೆ ರಾಗ ಇದೆ" ಎಂದು ತಿದ್ದಿದಳು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, "ಇದ್ದೀತವ್ವ, ನನಗೇನ್ ಗೊತ್ತದ" ಎಂದು ನಿಲ್ಲಿಸಿಬಿಟ್ಟರು. ಎಲ್ಲರೂ ನಕ್ಕರು, ಉಪಾಹಾರ ಬಂತು, ಮಾತು ಬೇರೆ ಕಡೆ ತಿರುಗಿತು. ಹುಡುಗಿಯ ತಪ್ಪೇನೂ ಇಲ್ಲ. ಆದರೆ ನಡೆದದ್ದೇನು ಎಂದು ಯೋಚಿಸಬೇಕು. ಯಾರ ತಾಯಂದಿರಿಂದ ಹಾಡು ಹೊರಟಿತೋ ಅವರ ಮಗಳೇ ಆ ಹಾಡಿನಲ್ಲಿ ತಪ್ಪಿತಸ್ಥೆಯಾದಳು. ಸಾಲ ಕೊಟ್ಟವಳು ಸಾಲಗಾರನ ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲುವಂತಾಯಿತು. ಜಾನಪದ ಗಾಯಕನ ಖ್ಯಾತಿಯಲ್ಲಿ ನಿಜವಾದ ಅಪಾಯವಿರುವುದು ಇಲ್ಲಿ, ಹಣದಲ್ಲಿ ಅಲ್ಲ.

ಇದು ನಮ್ಮ ದೇಶಕ್ಕೇ ವಿಶೇಷವಾದ ಸಂಗತಿಯೂ ಅಲ್ಲ. ಅಮೆರಿಕದವರು 'ಕಂಟ್ರಿ' ಎಂದು ಕರೆಯುವ ಹಳ್ಳಿ ಸಂಗೀತದ ಮೊದಲ ದೊಡ್ಡ ಹೆಸರು ಕಾರ್ಟರ್ ಕುಟುಂಬದ್ದು. 1927ರಲ್ಲಿ ಅವರ ಹಾಡುಗಳು ಮೊದಲ ಸಲ ಮುದ್ರಣವಾದವು. 1938ರಿಂದ ಮೆಕ್ಸಿಕೋ ಗಡಿಯ ಪ್ರಬಲ ರೇಡಿಯೋ ನಿಲಯವೊಂದು ಅವರನ್ನು ದೇಶದ ತುಂಬ ಕೇಳಿಸಿತು. ಮನೆಯ ಯಜಮಾನ ಎ. ಪಿ. ಕಾರ್ಟರ್ ಗುಡ್ಡಗಾಡಿನ ಮನೆಮನೆಗೆ ಹೋಗಿ ಹಾಡು ಹುಡುಕುತ್ತಿದ್ದ. ಜೊತೆಗೆ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್ ವಾದಕ ಹೋಗುತ್ತಿದ್ದ. ಕಾರ್ಟರ್ ಮಾತುಗಳನ್ನು ಬರೆದುಕೊಂಡರೆ ರಿಡಲ್ ಮಟ್ಟನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದ. ಹಕ್ಕು ದಾಖಲಾದದ್ದು ಕಾರ್ಟರ್ ಹೆಸರಿನಲ್ಲಿ. ದಕ್ಷಿಣ ಆಫ್ರಿಕದ ಸಾಲೊಮನ್ ಲಿಂಡಾನ ಕಥೆ ಇನ್ನೂ ಕರುಣಾಜನಕ. 1939ರಲ್ಲಿ ಅವನು ಹಾಡಿ ಮುದ್ರಿಸಿದ ಸಿಂಹದ ಹಾಡು ಜಗತ್ತನ್ನೆಲ್ಲ ಸುತ್ತಿತು, ಮಕ್ಕಳ ಚಲನಚಿತ್ರದಲ್ಲೂ ಸೇರಿತು. ಅವನಿಗೆ ಸಿಕ್ಕಿದ್ದು ಹತ್ತು ಶಿಲಿಂಗ್. 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳಿಗೆ ರಾಜಿ ಒಪ್ಪಂದದಿಂದ ಪಾಲು ದೊರೆತದ್ದು 2006ರಲ್ಲಿ.

ನಮ್ಮ ಊರಿನ ಸಂಗತಿಗೇ ಬರೋಣ. 1979ರಲ್ಲಿ ಗೌತಮ್ ಘೋಷ್ ನಿರ್ದೇಶಿಸಿದ, ತೆಲಂಗಾಣದ ರೈತ ಹೋರಾಟದ ಕಥೆಯುಳ್ಳ 'ಮಾ ಭೂಮಿ' ಚಿತ್ರಕ್ಕೆ ಸಂಗೀತ ಕೊಟ್ಟವರಲ್ಲಿ ಮೇಲೆ ಹೇಳಿದ ವಿಂಜಮೂರಿ ಸೀತಾದೇವಿ ಒಬ್ಬರು. ಅದರಲ್ಲಿ ಗದ್ದರ್ ಕಂಬಳಿ ಹೊದ್ದು ಹಾಡಿದ ನಿಜಾಮ ಸರ್ಕಾರದ ವಿರುದ್ಧದ ಹಾಡು ಮನೆಮಾತಾಯಿತು. ಇಂದಿಗೂ ಅನೇಕರು ಅದನ್ನು ಗದ್ದರ್ ಹಾಡೆಂದೇ ತಿಳಿದಿದ್ದಾರೆ. ಅದನ್ನು ಕಟ್ಟಿದವರು ಬಂಡಿ ಯಾದಗಿರಿ ಎಂಬ ಹೋರಾಟಗಾರರು. ಇಲ್ಲಿ ಕರ್ತೃವಿನ ಹೆಸರು ಗೊತ್ತು, ಪುಸ್ತಕಗಳಲ್ಲಿ ಇದೆ; ಆದರೂ ಜನಮನಸ್ಸಿನಲ್ಲಿ ಧ್ವನಿ ಹೆಸರನ್ನು ನುಂಗಿತು. ಹೆಸರು ಗೊತ್ತಿದ್ದ ಕಡೆಯೇ ಹೀಗಾದರೆ, ಗೊತ್ತಿಲ್ಲದ ಕಡೆ ಹೇಗಾದೀತು?

ಹಾಗಾದರೆ ಋಣ ತೀರಿಸುವ ದಾರಿ ಯಾವುದು? ನಮ್ಮ ಶಾಸ್ತ್ರಗಳಲ್ಲಿ ಮೂರು ಋಣಗಳ ಮಾತು ಬರುತ್ತದೆ: ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣದ ಸ್ವಭಾವ ವಿಚಿತ್ರವಾದದ್ದು. ಮಂತ್ರವನ್ನು ಕಂಡ ಋಷಿ ಎಂದೋ ತೀರಿಹೋಗಿದ್ದಾನೆ. ಅವನಿಗೆ ಹಿಂದಿರುಗಿಸಲು ಆಗದು, ಹಿಂದಿರುಗಿಸಿದರೆ ಅವನಿಗೆ ಬೇಕಾದದ್ದೂ ಅಲ್ಲ. ಕಲಿತು, ಮುಂದಿನವರಿಗೆ ಕಲಿಸುವುದರಿಂದಲೇ ಆ ಋಣ ತೀರುತ್ತದೆ. ಸಾಲ ಪಡೆದದ್ದು ಹಿಂದಿನವರಿಂದ, ಸಲ್ಲಿಸಬೇಕಾದದ್ದು ಮುಂದಿನವರಿಗೆ. ಗರತಿಯ ಋಣವೂ ಇದೇ ಜಾತಿಯದು. ಅವಳ ಹಾಡನ್ನು ಪಡೆದವನು ಅದನ್ನು ತನ್ನ ಬಳಿಯೇ ಕಟ್ಟಿಹಾಕದೆ ಮುಂದಕ್ಕೆ ಬಿಡಬೇಕು, ಇನ್ನೊಬ್ಬರು ಇನ್ನೊಂದು ರೀತಿಯಲ್ಲಿ ಹಾಡಲು ಎಡೆಯಿರಬೇಕು. ತನ್ನ ರೂಪವೊಂದೇ ಸರಿಯೆಂಬ ಭ್ರಮೆಗೆ ಅವಕಾಶ ಕೊಡಬಾರದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಬರಲೇಬೇಕು. "ಋಷಿಋಣದ ಮಾತು ಚೆನ್ನಾಗಿದೆ, ಖರ್ಚಿಲ್ಲದ್ದು. ಆದರೆ ಹಾಡು ಕೊಟ್ಟವರು ಇನ್ನೂ ಬದುಕಿದ್ದರೆ, ಅವರ ಒಲೆಗೆ ನಿಮ್ಮ ತತ್ತ್ವ ಉರಿಯುತ್ತದೆಯೇ?" ಎಂದು. ಇದು ನ್ಯಾಯವಾದ ಪ್ರಶ್ನೆ. ನಾಗರ್‌ಕರ್ನೂಲು ಜಿಲ್ಲೆಯ ಕಿನ್ನೆರ ವಾದಕ ದರ್ಶನಂ ಮೊಗಿಲಯ್ಯನವರು 2021ರಲ್ಲಿ ಒಂದು ದೊಡ್ಡ ಚಲನಚಿತ್ರದ ಹಾಡಿಗೆ ದನಿಗೂಡಿಸಿ ಮನೆಮಾತಾದರು, 2022ರಲ್ಲಿ ಪದ್ಮಶ್ರೀ ಪಡೆದರು. 2024ರ ಮೇ ತಿಂಗಳಲ್ಲಿ ಅದೇ ಮನುಷ್ಯ ಹೈದರಾಬಾದಿನ ಹೊರವಲಯದ ಕಟ್ಟಡ ಕೆಲಸದಲ್ಲಿ ಕೂಲಿ ಮಾಡುತ್ತಿದ್ದುದನ್ನು ಪತ್ರಿಕೆಗಳು ವರದಿ ಮಾಡಿದವು. ಇಂಥ ಕಡೆ ಋಷಿಋಣದ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಪಾಪ. ಆದ್ದರಿಂದ ಎರಡನ್ನೂ ಬೇರೆಬೇರೆ ಇಡಬೇಕು. ಕೊಟ್ಟವರು ಬದುಕಿದ್ದು ಗುರುತಿರುವವರಾದರೆ ಅದು ಸಾದಾ ಸಾಲ. ಅಂಗಡಿಯ ಲೆಕ್ಕದ ಹಾಗೆ, ರೂಪಾಯಿಯಲ್ಲೇ ತೀರಿಸತಕ್ಕದ್ದು. ಕೊಟ್ಟವರು ಕಾಲದಲ್ಲಿ ಕರಗಿಹೋಗಿದ್ದರೆ ಮಾತ್ರ ಅದು ಋಷಿಋಣ. ಮೊದಲನೆಯದನ್ನು ಎರಡನೆಯದೆಂದು ಬರೆದು ತೋರಿಸುವುದು ಖೋಟಾ ಲೆಕ್ಕ.

ಹೀಗೆ ವಿಂಗಡಿಸಿದರೆ ಕಾಳಿಂಗರಾಯರಂಥವರನ್ನು ತೂಗುವುದೂ ಸುಲಭವಾಗುತ್ತದೆ. ಅವರು ಕುಣಿಗಲ್ ಕೆರೆಯ ಹಾಡನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಕೇಳಿದವರೆಲ್ಲ ಕಲಿತು ಹಾಡುವಂತೆ ಬಿಟ್ಟರು. ಶಾಲೆಯ ಮಕ್ಕಳು ಹಾಡಿದರು, ಮದುವೆ ಮನೆಯಲ್ಲಿ ಹಾಡಿದರು, ಹೊರನಾಡಿನ ನಮ್ಮಂಥ ಸಂಘಗಳ ವೇದಿಕೆಯಲ್ಲೂ ಹಾಡಿದರು. ಅವರ ಮಟ್ಟಿಗೆ ಋಷಿಋಣ ಬಹುಮಟ್ಟಿಗೆ ಸಂದಾಯವಾಗಿದೆ ಎನ್ನಬಹುದು. ಬಾಕಿಯಿರುವುದು ಅವರದಲ್ಲ, ಕೇಳುಗರಾದ ನಮ್ಮದು. ನಾವು ಹಾಡನ್ನು ಪಡೆದೆವು. ಕುಣಿಗಲಿನಲ್ಲಿ ಅದನ್ನು ಇಂದಿಗೂ ಬೇರೆ ರೀತಿ ಹಾಡುವ ಮುದುಕಿ ಇರಬಹುದೇ ಎಂದು ಕೇಳಲಿಲ್ಲ.

ಕೇಳಿದವರು ಇದ್ದಾರೆ. ಎಚ್. ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಹಳ್ಳಿಯ ಕಲಾವಿದರ ದನಿಗಳನ್ನೇ ಮುದ್ರಿಸಿಡುವ ವ್ಯವಸ್ಥೆ ಮಾಡಿದರು. ಅಂಕೋಲೆಯ ಹಾಲಕ್ಕಿ ಒಕ್ಕಲು ಸಮುದಾಯದ ಸುಕ್ರಿ ಬೊಮ್ಮಗೌಡರ ಹಾಡುಗಳನ್ನು ಕಾರವಾರದ ಆಕಾಶವಾಣಿ ಅವರ ಬಾಯಿಂದಲೇ ಮುದ್ರಿಸಿಕೊಂಡಿತು. 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಲ್ಲಿ ವಾಹಕ ಬೇರೆ, ಮೂಲ ಬೇರೆ ಆಗಲಿಲ್ಲ. ಹಾಡಿದ್ದು ಅಜ್ಜಿ, ಹೆಸರು ಅಜ್ಜಿಯದೇ. ನಿಲಯದವರು ತಮ್ಮ ಕರ್ತವ್ಯವನ್ನು ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವಿಲ್ಲ.

ನಮ್ಮ ಸುತ್ತಲೂ ಇದೇ ಪ್ರಶ್ನೆ ಪ್ರತಿ ವರ್ಷ ಬಂದು ಹೋಗುತ್ತದೆ. ದಸರೆಯ ಮೊದಲು ಕೂಕಟ್‌ಪಲ್ಲಿಯ ಬೀದಿಬೀದಿಗಳಲ್ಲಿ ಬತುಕಮ್ಮ ಕೂರುತ್ತದೆ. ಕೆಲವು ಅಂಗಳಗಳಲ್ಲಿ ಹಿರಿಯ ಹೆಂಗಸೊಬ್ಬಳು ಹೇಳಿಕೊಟ್ಟಂತೆ ಉಳಿದವರು ಚಪ್ಪಾಳೆ ತಟ್ಟಿ ಸುತ್ತುತ್ತಾರೆ. ಇನ್ನು ಕೆಲವು ಕಡೆ ಆ ವರ್ಷ ಟಿ.ವಿ. ವಾಹಿನಿಗಳು ಬಿಟ್ಟ ಹೊಸ ಹಾಡು ದೊಡ್ಡ ಸ್ಪೀಕರಿನಲ್ಲಿ ಮೊಳಗುತ್ತದೆ. ಹೆಂಗಸರು ಕುಣಿಯುತ್ತಾರೆ, ಬಾಯಿ ಮುಚ್ಚಿರುತ್ತದೆ. ನೆರೆಯವರ ಹಬ್ಬದ ವಿಚಾರದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ರಾಜ್ಯೋತ್ಸವದ ದಿನ ನಮ್ಮ ವೇದಿಕೆಯ ಮೇಲೆ ನಡೆಯುವುದೂ ಇದೇ ಅಲ್ಲವೇ? ಧ್ವನಿಮುದ್ರಿಕೆಗೆ ಮಕ್ಕಳು ಹೆಜ್ಜೆ ಹಾಕುತ್ತಾರೆ, ನಿರೂಪಕರು "ಈಗ ಒಂದು ಜಾನಪದ ನೃತ್ಯ" ಎನ್ನುತ್ತಾರೆ, ಮುಂದಿನ ಸಾಲಿನಲ್ಲಿ ಬೀದರ, ರಾಯಚೂರು, ಕಲಬುರಗಿಯ ಅಜ್ಜಿಯರು ಕೈಕಟ್ಟಿ ಕುಳಿತು ನೋಡುತ್ತಿರುತ್ತಾರೆ. ಹಾಡಿನ ಬುಗ್ಗೆ ಕುರ್ಚಿಯ ಮೇಲಿದೆ, ನಲ್ಲಿಯ ನೀರು ವೇದಿಕೆಯ ಮೇಲೆ ಹರಿಯುತ್ತಿದೆ.

ಆದ್ದರಿಂದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸಣ್ಣ ಸೂಚನೆಗಳನ್ನು ಇಡುತ್ತೇವೆ. ಒಂದು: ವೇದಿಕೆಯಲ್ಲಿ ಯಾವುದೇ ಜಾನಪದ ಗೀತೆ ಹಾಡುವಾಗ ನಿರೂಪಕರು ಗಾಯಕರ ಹೆಸರಿನ ಜೊತೆಗೆ ಅದು ಯಾವ ಸೀಮೆಯ ಹಾಡು, ಯಾರಿಂದ ಕಲಿತದ್ದು ಎಂದು ಒಂದು ವಾಕ್ಯ ಹೇಳಲಿ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು ಹೇಳಲಿ. ಎರಡು: ಹೊರಗಿನಿಂದ ಜಾನಪದ ಕಲಾವಿದರನ್ನು ಕರೆಸಿದಾಗ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಮಾಡುವ ಖರ್ಚನ್ನು ಕಡಿಮೆ ಮಾಡಿ ಆ ಹಣವನ್ನು ಸಂಭಾವನೆಗೆ ಸೇರಿಸಲಿ. ಮೂರು: ನಮ್ಮ ಸದಸ್ಯರ ಮನೆಗಳಲ್ಲಿ ಹಾಡು ಬಲ್ಲ ಹಿರಿಯರು ಎಷ್ಟು ಮಂದಿ ಇದ್ದಾರೆಂದು ಪಟ್ಟಿ ಮಾಡಿ, ತಿಂಗಳಿಗೊಬ್ಬರಂತೆ ಅವರ ಮನೆಗೇ ಹೋಗಿ, ಅವರ ಹಾಡನ್ನು ಅವರ ಮಟ್ಟಿನಲ್ಲೇ, ಅವರ ಹೆಸರು, ಊರಿನ ಸಹಿತ ಮುದ್ರಿಸಿಕೊಳ್ಳಲಿ. ಇದಕ್ಕೆ ಸ್ಟುಡಿಯೋ ಬೇಡ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಆ ಯಂತ್ರವಿದೆ.

ಮುದ್ರಿಸುವಾಗ ಒಂದೇ ನಿಯಮ: ಯಾರೂ ತಿದ್ದಬಾರದು. ಮಧ್ಯೆ ನುಡಿ ಮರೆತರೆ ಕಾಯಬೇಕು. ಗಡಿಯಾರ ನೋಡಬಾರದು. ಆ ಹಾಡಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕುಳಿತು ಕೇಳುವ ತಾಳ್ಮೆ ನಮಗಿದ್ದರೆ, ತೊಂಬತ್ತು ವರ್ಷಗಳಿಂದ ಬಾನುಲಿ ನಮಗೆ ಕೊಟ್ಟದ್ದಕ್ಕೂ ಅದು ಹೇಳದೆ ಬಿಟ್ಟ ಹೆಸರಿಗೂ ಕೊಂಚ ಬಡ್ಡಿಯಾದರೂ ಸಂದೀತು. ಪಟ್ಟಿ ಮಾಡುವ ಕೆಲಸಕ್ಕೆ ಗುಮಾಸ್ತರು ಬೇಕಾದರೆ ನಾವು ಸಿದ್ಧರಿದ್ದೇವೆ.